ಆಯಿಲ್ ಪ್ರೆಶರ್ ಸೆಂಡರ್ ಎಲ್ಲಿ ಕೂರಿಸಬೇಕು?

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ಲೈಟು ಹತ್ತುವುದು ಒತ್ತಡ ಸುಮಾರು 0.3ರಿಂದ 0.5 ಬಾರ್‌ಗೆ ಇಳಿದ ಮೇಲೆ. ಐಡ್ಲಿಂಗ್‌ನಲ್ಲಿದ್ದರೆ ಹೇಗೋ ನಡೆದೀತು, 3000 ಆರ್‌ಪಿಎಂನಲ್ಲಿ ಓಡುತ್ತಿರುವ ಇಂಜಿನ್ನಿಗೆ ಅದು ಏನೇನೂ ಸಾಲದು. ಲೈಟು ಕಣ್ಣಿಗೆ ಬೀಳುವಷ್ಟರಲ್ಲಿ ಬೇರಿಂಗ್ ಕೆಲಸ ಮುಗಿದಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಏಸಿ ಹಾಕಿಕೊಂಡು ದಾವಣಗೆರೆ–ಚಿತ್ರದುರ್ಗ ಹೆದ್ದಾರಿಯಲ್ಲಿ ಹಳೇ ಕಾರು ಓಡಿಸುವವರು ಒತ್ತಡ ತೋರಿಸುವ ಮುಳ್ಳಿನ ಗೇಜ್ ಹಾಕಿಸುವುದು ಇದಕ್ಕೇ. ಗೇಜ್ ಕೂರಿಸಲು ಯಾರಿಗಾದರೂ ಬರುತ್ತದೆ, ಎಡವುವುದು ಸೆಂಡರ್ ಹತ್ತಿರ, ಅಂದರೆ ಆಯಿಲಿನ ಒತ್ತಡ ಅಳೆದು ವೈರಿನಲ್ಲಿ ಗೇಜಿಗೆ ತಿಳಿಸುವ ಭಾಗದ ಹತ್ತಿರ.

ಮೊದಲು ಆಯಿಲ್ ಹೋಗುವ ದಾರಿ ನೋಡಿ. ಪಂಪಿನಿಂದ ಫಿಲ್ಟರ್, ಫಿಲ್ಟರಿನಿಂದ ಬ್ಲಾಕಿನ ಮೇನ್ ಗ್ಯಾಲರಿ (ಆಯಿಲ್ ಹರಿಯುವ ಮುಖ್ಯ ದಾರಿ), ಅಲ್ಲಿಂದ ಕ್ರ್ಯಾಂಕಿನ ಮೇನ್ ಬೇರಿಂಗ್, ಕನೆಕ್ಟಿಂಗ್ ರಾಡಿನ ಬಿಗ್ ಎಂಡ್ ಬೇರಿಂಗ್, ಕೊನೆಗೆ ಇಂಜಿನ್ನಿನ ಮೇಲ್ಭಾಗದ ಹೆಡ್ಡು. ನಮಗೆ ಬೇಕಾದದ್ದು ಬೇರಿಂಗಿಗೆ ಸಿಗುವ ಒತ್ತಡ. ಹಾಗಾಗಿ ಫಿಲ್ಟರ್ ದಾಟಿದ ಮೇಲಿನ ಮೇನ್ ಗ್ಯಾಲರಿಯೇ ಸರಿಯಾದ ಜಾಗ. ಬಹಳಷ್ಟು ಇಂಜಿನ್‌ಗಳಲ್ಲಿ ಕೆಂಪು ಲೈಟು ಹತ್ತಿಸುವ ಕಂಪನಿಯ ಆಯಿಲ್ ಸ್ವಿಚ್ ಅಲ್ಲೇ ಇರುತ್ತದೆ. ಫಿಲ್ಟರಿಗಿಂತ ಮೊದಲು ತೆಗೆದುಕೊಂಡರೆ, ಫಿಲ್ಟರ್ ಕಟ್ಟಿಕೊಂಡಿದ್ದರೂ ಮುಳ್ಳು ಚೆನ್ನಾಗಿಯೇ ನಿಂತಿರುತ್ತದೆ. ಹೆಡ್ಡಿನಿಂದ ತೆಗೆದುಕೊಂಡರೆ ಒತ್ತಡ ಕಡಿಮೆ ತೋರಿಸುತ್ತದೆ, ತಡವಾಗಿ ಏರುತ್ತದೆ. ಫಿಲ್ಟರಿನಡಿ ಹಾಕುವ ಸ್ಯಾಂಡ್‌ವಿಚ್ ಪ್ಲೇಟ್ ಆಗಬಹುದು. ಆದರೆ ಅದರ ತೂತು ಫಿಲ್ಟರಿಗೆ ಹೋಗುವ ಆಯಿಲಿನ ಕಡೆಗಿದೆಯೋ, ಬರುವ ಆಯಿಲಿನ ಕಡೆಗಿದೆಯೋ ನೋಡಿಕೊಳ್ಳಬೇಕು. ಸೀಲ್ ಒಂದು ಹೆಚ್ಚಾಯಿತು, ಫಿಲ್ಟರ್ ಕೆಳಗಿಳಿದು ರಸ್ತೆಯ ಹಂಪ್‌ಗೆ ತಾಗುವ ಭಯವೂ ಬಂತು. ಹಾಗಾಗಿ ಸ್ವಿಚ್ಚಿನ ತೂತೇ ಮೇಲು.

ಆ ತೂತಿಗೆ ಹಿತ್ತಾಳೆ ಟೀ (ಇಂಗ್ಲಿಷಿನ T ಆಕಾರದ ಫಿಟ್ಟಿಂಗ್) ಹಾಕಿ, ಒಂದು ಕಡೆ ಹಳೇ ಸ್ವಿಚ್ಚು, ಇನ್ನೊಂದು ಕಡೆ ಸೆಂಡರ್ ತಿರುಗಿಸಿಬಿಡುವುದು ಎಲ್ಲ ಕಡೆ ನಡೆಯುವ ಕೆಲಸ. ಮಾಡಬೇಡಿ. ಡಬ್ಬಿಯಂಥ ಸೆಂಡರ್ ಭಾರ ಇರುತ್ತದೆ. ಇಂಜಿನ್ ನಡುಗಿದಷ್ಟೂ ಆ ಭಾರ ಟೀಯ ಕುತ್ತಿಗೆಯನ್ನು ಬಗ್ಗಿಸುತ್ತಿರುತ್ತದೆ. ಕೆಲವು ಸಾವಿರ ಕಿಲೋಮೀಟರಿಗೆ ಥ್ರೆಡ್ಡಿನ ಬುಡದಲ್ಲಿ ಮುರಿದರೆ ನಿಮಿಷಗಳಲ್ಲಿ ಸಂಪ್ (ಇಂಜಿನ್ನಿನಡಿಯ ಆಯಿಲ್ ತೊಟ್ಟಿ) ಖಾಲಿ. ಬ್ಲಾಕಿನಲ್ಲಿ ಬರೀ ಒಂದು ಸ್ಟೀಲ್ ಅಡಾಪ್ಟರ್ ಇರಲಿ. ಅಲ್ಲಿಂದ 30–45 ಸೆಂ.ಮೀ. ಹೋಸ್ ಎಳೆದು, ಟೀ, ಸ್ವಿಚ್ಚು, ಸೆಂಡರ್ ಮೂರನ್ನೂ ಫೈರ್‌ವಾಲ್ ಮೇಲೆ ಕ್ಲ್ಯಾಂಪ್ ಮಾಡಿ. ಹೋಸ್ ಒಳಗೆ ಟೆಫ್ಲಾನ್, ಹೊರಗೆ ಸ್ಟೀಲ್ ಹೆಣಿಗೆಯದಾಗಿರಲಿ, ಎರಡೂ ತುದಿಗೆ ಪ್ರೆಸ್ ಮಾಡಿದ ಫಿಟ್ಟಿಂಗ್ ಇರಲಿ. ಟ್ರ್ಯಾಕ್ಟರ್, ಜೆಸಿಬಿ ಹೋಸ್ ಮಾಡುವವರಲ್ಲಿ ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಪೆಟ್ರೋಲ್ ಪೈಪಿಗೆ ಕ್ಲಿಪ್ ಹಾಕಿ ಕೂರಿಸುವ ಮಾತೇ ಬೇಡ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ಹೋಸ್ ದೂರ ಇರಲಿ, ಇಂಜಿನ್ ಅಲುಗಾಡಲು ಸ್ವಲ್ಪ ಸಡಿಲವೂ ಇರಲಿ. ಬ್ಲಾಕಿನ ಅಡಾಪ್ಟರಿನಲ್ಲಿ 1 ಮಿ.ಮೀ. ತೂತಿನ ತಡೆ ಇದ್ದರೆ ಮುಳ್ಳು ನಡುಗುವುದಿಲ್ಲ, ಹೋಸ್ ಒಡೆದರೂ ಆಯಿಲ್ ನಿಧಾನಕ್ಕೆ ಹೋಗುತ್ತದೆ.

ಇನ್ನು ಥ್ರೆಡ್ಡು. ಬಿಎಸ್‌ಪಿಟಿ, ಎನ್‌ಪಿಟಿ ಎರಡೂ ತುದಿಗೆ ಸಣ್ಣಗಾಗುವ ಟೇಪರ್ ಥ್ರೆಡ್ಡಿನ ಅಳತೆಗಳು, ಎಂ10×1 ಮಿ.ಮೀ. ಲೆಕ್ಕದ್ದು. ಜಪಾನಿ ಮೂಲದ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ 1/8 ಬಿಎಸ್‌ಪಿಟಿ, ಇಂಚಿಗೆ 28 ಎಳೆ. ಮಾರುಕಟ್ಟೆಯ ಸೆಂಡರ್‌ಗಳು ಹೆಚ್ಚಾಗಿ 1/8 ಎನ್‌ಪಿಟಿ, ಇಂಚಿಗೆ 27 ಎಳೆ, ಇಲ್ಲವೇ ಎಂ10×1. ಮೋಸ ಇರುವುದು ಇಲ್ಲೇ: ಒಂದರಲ್ಲಿ ಇನ್ನೊಂದು ಎರಡು ಮೂರು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಸರಿಯಾಗಿ ಕೂತಿತು ಅಂದುಕೊಂಡು ಸ್ಪ್ಯಾನರ್ ಎಳೆದರೆ ಅಲ್ಯೂಮಿನಿಯಂ ಹೌಸಿಂಗ್ ಸೀಳುತ್ತದೆ. ಥ್ರೆಡ್ ಗೇಜ್ ಇಲ್ಲದಿದ್ದರೆ ಹಳೇ ಸ್ವಿಚ್ಚನ್ನೇ ಲೇತ್ ಅಂಗಡಿಗೆ ಒಯ್ದು ತೋರಿಸಿ. ಟೇಪರ್ ಥ್ರೆಡ್ ಕೈಯಲ್ಲಿ ಬಿಗಿದ ಮೇಲೆ ಸ್ಪ್ಯಾನರಿನಲ್ಲಿ ಒಂದು, ಹೆಚ್ಚೆಂದರೆ ಒಂದೂವರೆ ಸುತ್ತು ಸಾಕು. ಥ್ರೆಡ್ ಸೀಲೆಂಟ್ ಹಚ್ಚುವಾಗ ತುದಿಯ ಎರಡು ಎಳೆ ಬಿಟ್ಟು ಹಚ್ಚಿ. ಟೇಪಿನ ಚೂರಾಗಲಿ, ಸಿಲಿಕಾನ್ ಪೇಸ್ಟಾಗಲಿ ಗ್ಯಾಲರಿಗೆ ಬಿದ್ದರೆ ಸಣ್ಣ ಆಯಿಲ್ ತೂತು ಮುಚ್ಚಿಕೊಳ್ಳುತ್ತದೆ.

ಒಂದೇ ವೈರಿನ ಸೆಂಡರಿಗೆ ಅರ್ಥ್ ಸಿಗುವುದು ಅದರ ಮೈಯಿಂದ. ಪೇಂಟ್ ಇರುವ ಫೈರ್‌ವಾಲ್ ಮೇಲೆ, ರಬ್ಬರ್ ಕ್ಲ್ಯಾಂಪಿನಲ್ಲಿ ಕೂರಿಸಿದರೆ ಅರ್ಥ್ ನಂಬುವಂತಿಲ್ಲ. ಸೆಂಡರಿನ ಮೈಯಿಂದ ಇಂಜಿನ್ ಬ್ಲಾಕಿನ ಬೋಲ್ಟಿಗೆ 1.5 ಚದರ ಮಿ.ಮೀ. ವೈರ್ ಬೇರೆಯೇ ಎಳೆಯಿರಿ. ಹಳೇ ಆಯಿಲ್ ಸ್ವಿಚ್ಚಿಗೂ ಇದೇ ಅರ್ಥ್ ಬೇಕು, ಇಲ್ಲದಿದ್ದರೆ ಕೆಂಪು ಲೈಟು ಹತ್ತುವುದೇ ಇಲ್ಲ. ಎರಡು ಪಿನ್ನಿನ ಸೆಂಡರಿನಲ್ಲಿ ಜಿ ಗುರುತಿನದು ಗೇಜಿಗೆ, ಡಬ್ಲ್ಯೂಕೆ ಗುರುತಿನದು ಲೈಟಿಗೆ. ಆಗ ಟೀಯೂ ಬೇಡ.

ಸೆಂಡರ್, ಗೇಜ್ ಜೊತೆಯಾಗಬೇಕು. ಓಮ್ ಅಂಕಿಗಳಲ್ಲಿ ಮೊದಲನೆಯದು ಸೊನ್ನೆ ಒತ್ತಡದಲ್ಲಿ ಸೆಂಡರಿನ ವಿದ್ಯುತ್ ತಡೆ, ಎರಡನೆಯದು ಪೂರ್ತಿ ಒತ್ತಡದಲ್ಲಿ. 10–180 ಓಮ್ ಸೆಂಡರಿಗೆ 240–33 ಓಮ್ ಗೇಜ್ ಹಾಕಿದರೆ ಮುಳ್ಳು ಉಲ್ಟಾ ಓಡುತ್ತದೆ. ಪರೀಕ್ಷೆ ಸುಲಭ: ಇಗ್ನಿಷನ್ ಆನ್ ಮಾಡಿ, ಇಂಜಿನ್ ಆಫ್ ಇರಲಿ, ಸೆಂಡರಿನ ವೈರ್ ಬಿಚ್ಚಿ ಬ್ಲಾಕಿಗೆ ಮುಟ್ಟಿಸಿ. 10–180 ಗೇಜ್ ಸೊನ್ನೆಗೆ ಬರಬೇಕು, 240–33 ಗೇಜ್ ತುದಿಗೆ ಹೋಗಬೇಕು.

ಸ್ಟಾರ್ಟ್ ಮಾಡಿದ ಐದು ಸೆಕೆಂಡಿನಲ್ಲಿ ಮುಳ್ಳು ಏಳದಿದ್ದರೆ ಆಫ್ ಮಾಡಿಬಿಡಿ. ಬಿಸಿಯಾದ ಮೇಲೆ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಎನ್ನುವುದು ಹಳೇ ಲೆಕ್ಕ. ಸರಿಯಾದ ಅಂಕಿ ನಿಮ್ಮ ಇಂಜಿನ್ನಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಚಿತ್ರದುರ್ಗಕ್ಕೊಮ್ಮೆ ಹೋಗಿ ಬಂದು, ಇಂಜಿನ್ ತಣ್ಣಗಾದ ಮೇಲೆ ಪ್ರತಿ ಜಾಯಿಂಟಿಗೂ ಟಿಶ್ಯೂ ಒತ್ತಿ ನೋಡಿ. ಕಲೆಯಾದ ಜಾಯಿಂಟನ್ನು ಇನ್ನಷ್ಟು ಬಿಗಿಯಲು ಹೋಗದೆ, ಬಿಚ್ಚಿ, ಒರೆಸಿ, ಹೊಸದಾಗಿ ಸೀಲೆಂಟ್ ಹಚ್ಚಿ ಕೂರಿಸಿ.