ಬಸುರಿಗೂ ಮೊದಲಿನ ಊಟ

ಸಂಜೆ ತಂಗಿಯ ಜೊತೆ ಮೆಂತ್ಯ ಸೊಪ್ಪು ಬಿಡಿಸುತ್ತಾ ಕುಳಿತಿದ್ದೆ. ಬೇರಿಗಂಟಿದ ಕೆಮ್ಮಣ್ಣು ಉಗುರಿನೊಳಗೆಲ್ಲ ಸೇರಿತ್ತು.

"ಅಕ್ಕಾ, ಮುಂದಿನ ವರ್ಷ ಮಗು ಬೇಕು ಎಂದುಕೊಂಡಿದ್ದೇವೆ" ಎಂದಳು, ತಲೆ ಎತ್ತದೆ.

ಖುಷಿಗೆ ಕೈ ನಿಂತೇ ಹೋಯಿತು.

ನಮ್ಮಲ್ಲಿ ಬಸುರಿಯ ಬಯಕೆಗೆ ಎಷ್ಟೊಂದು ಉಪಚಾರ! ಅದಕ್ಕೂ ಮೊದಲು ಅವಳು ಏನು ಉಂಡಳು ಎಂದು ಯಾರು ಕೇಳುತ್ತಾರೆ? ಮಗುವಿನ ಮಿದುಳು, ಬೆನ್ನುಹುರಿಯಾಗುವ ನಾಳ ಗರ್ಭ ನಿಂತ ಸುಮಾರು 28 ದಿನಕ್ಕೇ ಮುಚ್ಚಿಕೊಳ್ಳುತ್ತದೆ. ಎಷ್ಟೋ ತಾಯಂದಿರಿಗೆ ಆಗಿನ್ನೂ ಬಸುರಾದದ್ದೇ ತಿಳಿದಿರುವುದಿಲ್ಲ. ಆ ನಾಳ ಸರಿಯಾಗಿ ಮುಚ್ಚಲು ಆ ಹೊತ್ತಿಗೆ ಮೈಯಲ್ಲಿ ಫೋಲಿಕ್ ಆಮ್ಲ ಎಂಬ ಬಿ ಜೀವಸತ್ವ ಇರಬೇಕು. ದಿನಕ್ಕೆ 400 ಮೈಕ್ರೋಗ್ರಾಂ, ಮೊದಲಿನಿಂದಲೇ. ಸೊಪ್ಪೊಂದೇ ಸಾಲದು, ಮಾತ್ರೆಯೂ ಬೇಕು.

"ನಾಳೆಯೇ ಡಾಕ್ಟರ ಬಳಿ ಹೋಗೋಣ" ಎಂದೆ.

ತಲೆಯಾಡಿಸಿ, ಇನ್ನೊಂದು ಕಟ್ಟು ಬಿಚ್ಚಿದಳು.