ಸ್ಟೀರಿಂಗ್ ಮೇಲೆ ಸಾಗವಾನಿ ಎಳೆ

ನಮ್ಮ 1977ರ ಅಂಬಾಸಡರ್‌ಗೆ ಮೊನ್ನೆ ಭಾನುವಾರ ಸ್ಟೀರಿಂಗ್ ವಾಪಸ್ ಕೂತಿತು. ಒಂದೂವರೆ ತಿಂಗಳು ಗಾಡಿ ಹಾಗೇ ಬೇವಿನ ಮರದ ಕೆಳಗೆ ನಿಂತಿತ್ತು. ಇದು ಕಂಪನಿ ಕೊಟ್ಟ ಸ್ಟೀರಿಂಗ್ ಅಲ್ಲ, ಅಪ್ಪ ಎಷ್ಟೋ ವರ್ಷದ ಹಿಂದೆ ಹೈದರಾಬಾದಿನಿಂದ ತಂದು ಹಾಕಿಸಿದ್ದು. ನೋಡಿದರೆ ಸಾಗವಾನಿ, ಮುಟ್ಟಿದರೆ ಪ್ಲಾಸ್ಟಿಕ್. ಒಳಗೆ ಕಬ್ಬಿಣದ ಬಳೆ, ಮೇಲೆ ಗಟ್ಟಿ ಪ್ಲಾಸ್ಟಿಕ್, ಅದರ ಮೇಲೆ ಕಟ್ಟಿಗೆಯ ಎಳೆ ಕಾಣುವ ಹಾಗೆ ಬಣ್ಣ.

ಕಲಬುರಗಿಯ ಬೇಸಿಗೆ ಗೊತ್ತಲ್ವಾ, ಹೊರಗೆ 42 ಡಿಗ್ರಿ ಇದ್ದರೆ ಗಾಜು ಏರಿಸಿದ ಗಾಡಿಯೊಳಗೆ ಇನ್ನೂ ಜಾಸ್ತಿ. ಪ್ಲಾಸ್ಟಿಕ್ ಹಿಗ್ಗುವಷ್ಟು, ಕುಗ್ಗುವಷ್ಟು ಕಬ್ಬಿಣ ಹಿಗ್ಗಿ ಕುಗ್ಗುವುದಿಲ್ಲ. ರಾತ್ರಿ ತಣ್ಣಗಾದಾಗ ಪ್ಲಾಸ್ಟಿಕ್ ಬಿಗಿಯುತ್ತದೆ, ಒಳಗಿನ ಬಳೆ ಜಗ್ಗುವುದಿಲ್ಲ, ಹಳೆಯದಾಗಿ ಪೆಡಸಾದ ಪ್ಲಾಸ್ಟಿಕ್ ಸೀಳಿಬಿಡುತ್ತದೆ. ಕಡ್ಡಿಗಳು ಬಳೆಗೆ ಸೇರುವ ಜಾಗದಲ್ಲೇ ಐದು ಬಿರುಕು. ಬಲಗಡೆ ಒಂದು ಗೇಣು ಬಣ್ಣವೇ ಇಲ್ಲ. ಎಡಗೈ ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರ್ ಮೇಲೆ ಹೋಗಿ ಬರುತ್ತಿತ್ತು, ಅಪ್ಪನ ಬಲಗೈ ಮಾತ್ರ ಯಾವಾಗಲೂ ಅಲ್ಲೇ ಇರುತ್ತಿತ್ತು.

ಕವರ್ ಹೊಲಿಸು ಅಂದವರೇ ಎಲ್ಲ. ನನಗೆ ಮನಸ್ಸಾಗಲಿಲ್ಲ.

ನೀವೂ ಬಿಚ್ಚುವುದಾದರೆ ಮೊದಲು ಗಾಲಿ ನೇರ ಮಾಡಿ, ಶಾಫ್ಟ್ ಮತ್ತು ಸ್ಟೀರಿಂಗ್ ಮೇಲೆ ಗುರುತು ಹಾಕಿಕೊಳ್ಳಿ. ಸ್ಟೀರಿಂಗ್ ಎಳೆದು ತೆಗೆಯುವ ಸಾಧನ ಪುಲ್ಲರ್‌ನಿಂದಲೇ ಎಳೆಯಿರಿ, ಸುತ್ತಿಗೆ ಬೇಡ. ಆಮೇಲೆ ಬಿರುಕನ್ನು ಮುಕ್ಕೋನದ ಅರದಿಂದ ಕಬ್ಬಿಣ ಕಾಣುವವರೆಗೆ ಅಗಲ ಮಾಡಬೇಕು. ಸುಮ್ನೆ ಮೇಲೆ ಮೆತ್ತಿದರೆ ನಿಲ್ಲುವುದಿಲ್ಲ, ಒಳಗೆ ವರ್ಷಗಟ್ಟಲೆ ಬೆವರು, ಎಣ್ಣೆ, ತುಕ್ಕು ಕೂತಿರುತ್ತದೆ. ಎಲ್ಲ ಉಜ್ಜಿ ತೆಗೆದು ಕಲಸಿ ಮೆತ್ತಿದರೆ ಕಲ್ಲಾಗುವ ಎಂ-ಸೀಲ್ ತುಂಬಿ ಒಂದು ದಿನ ಬಿಟ್ಟೆ. 120, 220, 400 ನಂಬರಿನ ಸ್ಯಾಂಡ್ ಪೇಪರ್ ಹೊಡೆದು ಪ್ರೈಮರ್ ಹಾಕಿದೆ.

ನಿಜವಾದ ಕೆಲಸ ಆಮೇಲೆ. ಹಾರ್ನ್ ಬಟನ್ ಕೆಳಗೆ ಬಿಸಿಲು ಕಾಣದ ಒಂಚೂರು ಜಾಗದಲ್ಲಿ ಹಳೆಯ ಬಣ್ಣ ಹಾಗೇ ಉಳಿದಿತ್ತು, ಅದನ್ನೇ ನೋಡಿ ಬಣ್ಣ ಕಲಸಿದೆವು. ಮೊದಲು ತಿಳಿ ಹಳದಿ, ಅದು ಪೂರ್ತಿ ಒಣಗಿದ ಮೇಲೆ ತೆಳುವಾದ ಕಡು ಕಂದು, ಅದು ಹಸಿ ಇರುವಾಗಲೇ ಒಣ ಬ್ರಷ್ಷಿನಿಂದ ಎಳೆ ತೆಗೆಯಬೇಕು. ನಾನು ಅಡ್ಡ ಎಳೆದುಬಿಟ್ಟೆ. ನಮ್ಮ ಓಣಿಯಲ್ಲಿ ಬಾಗಿಲು, ಅಲ್ಮಾರಿಗೆ ಬಣ್ಣ ಹೊಡೆಯುವ ಚಾಚಾ ನೋಡುತ್ತಾ ನಿಂತಿದ್ದರು. "ಎಳಿ ಬಳಿ ಗುಂಟ ಹೋಗಬೇಕು ನೋಡಪ್ಪಾ, ಅಡ್ಡ ಹೋದ್ರ ಅದು ಕಟ್ಟಿಗಿ ಅನಸಂಗಿಲ್ಲ" ಅಂದರು. ಸರಿಯಾದ ಮಾತು. ನಿಜವಾದ ಮರದ ಸ್ಟೀರಿಂಗ್‌ನಲ್ಲಿ ಪಟ್ಟಿಗಳು ಸುತ್ತಿನ ಉದ್ದಕ್ಕೇ ಹೋಗುತ್ತವೆ, ಎಳೆಯೂ ಅದರ ಜೊತೆಗೇ ತಿರುಗುತ್ತದೆ. ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಗೇಣು ಗೇಣಾಗಿ, ಕೈ ಎತ್ತದೆ ಎಳೆದೆವು. ಕೆಲವು ಎಳೆಗಳನ್ನು ಚಾಚಾ ಬೇಕಂತಲೇ ಮಧ್ಯದಲ್ಲಿ ಕಡಿದರು, ಅಲ್ಲೇ ಅದು ಮರ ಅನ್ನಿಸಿತು.

ಎಲ್ಲಕ್ಕಿಂತ ಮೇಲಿನ ಬಣ್ಣವಿಲ್ಲದ ಹೊಳಪಿನ ಪದರ, ಕ್ಲಿಯರ್ ಕೋಟನ್ನು ಮಧ್ಯಾಹ್ನ ಹೊಡೆದದ್ದು ನನ್ನ ತಪ್ಪು. ಹರಡುವ ಮೊದಲೇ ಒಣಗಿ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ ಆಯಿತು. 1000 ನಂಬರಿನ ವಾಟರ್ ಪೇಪರಿನಿಂದ ಉಜ್ಜಿ, ಮರುದಿನ ಬೆಳಗ್ಗೆ ಆರಕ್ಕೆ ಮತ್ತೆ ಮೂರು ಕೋಟು ಹೊಡೆದೆ. ಹೀಗೆ ಹಾರ್ಡನರ್ ಕಲಸಿ ಹೊಡೆಯುವ ಟೂ-ಪ್ಯಾಕ್ ಬಣ್ಣದ ಗಾಳಿ ಒಳ್ಳೆಯದಲ್ಲ, ಬಟ್ಟೆ ಕಟ್ಟಿಕೊಂಡರೆ ಸಾಲದು, ಒಳ್ಳೆ ಮಾಸ್ಕ್ ಬೇಕೇ ಬೇಕು.

ಈಗ ಗಾಡಿ ನಿಲ್ಲಿಸಿದ ಕೂಡಲೇ ಸ್ಟೀರಿಂಗ್ ಮೇಲೆ ಬಿಳಿ ಟವೆಲ್ ಹೊದಿಸುತ್ತೇನೆ, ಗಾಜು ಒಂದು ಬೆರಳು ಇಳಿಸಿಡುತ್ತೇನೆ. ಎಡಗಡೆಯ ಕಡ್ಡಿಯ ಹಿಂದೆ ಕೂದಲೆಳೆಯಷ್ಟು ಗೆರೆ ಒಂದು ಉಳಿದಿದೆ. ಮೇ ಕಳೆಯಲಿ, ಅದನ್ನೂ ಬಿಚ್ಚಿ ನೋಡುತ್ತೇನೆ.