ಮೂರನೇ ಟ್ರೇಯ 41ನೇ ದಿನ

ಮಾತ್ರೆ ತೆಗೆದುಕೊಂಡರೂ ಎಚ್‌ಐವಿ ದೇಹದಲ್ಲಿ ಹೇಗೆ ಅಡಗಿ ಉಳಿಯುತ್ತದೆ ಎಂದು ತೋರಿಸಲು, ಮಣ್ಣಿನ ಟ್ರೇಗಳಲ್ಲಿ ನಾಚಿಕೆ ಮುಳ್ಳಿನ ಬೀಜ ಬಿತ್ತಿ ಎದ್ದ ಮೊಳಕೆ ಕೀಳುತ್ತಾ ಒಂದು ಮಾದರಿ ಮಾಡುತ್ತಿದ್ದೇನೆ. ಮೂರನೇ ಟ್ರೇ ಖಾಲಿಯಾಯಿತೆಂದು ಪುಸ್ತಕದಲ್ಲಿ ಬರೆದು, ಕೆಳಗೆ ಗೆರೆಯನ್ನೂ ಎಳೆದಿದ್ದೆ. ಕೊನೆಯ ಮೊಳಕೆ ಕಿತ್ತ ಮೇಲಿನ 41ನೇ ದಿನ ಬೆಳಿಗ್ಗೆ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರು ತಂದು ಚಿಮುಕಿಸುವಾಗ ಮೂಲೆಯಲ್ಲಿ ಎರಡು ಬೀಜದಳಗಳು ಕಂಡವು. ಮಣ್ಣಿನ ಹರಳೊಂದನ್ನು ತಲೆಯ ಮೇಲೆ ಹೊತ್ತುಕೊಂಡೇ ಎದ್ದಿದ್ದವು.

ಮೊದಲ ಅನುಮಾನ ತೆಂಗಿನ ನಾರಿನ ಪುಡಿಯ ಮೇಲೆ ಹೋಯಿತು. ‘ಬೀಜರಹಿತ’ ಎಂದು ಚೀಲದ ಮೇಲೆ ಅಚ್ಚು ಹಾಕಿ ಮಾರಿದ ಪುಡಿಯಿಂದಲೇ ಮೊದಲನೇ ಟ್ರೇಯಲ್ಲಿ ಹುಲ್ಲೂ ನೆಲನೆಲ್ಲಿಯೂ ಎದ್ದು ಒಂದು ತಿಂಗಳ ಲೆಕ್ಕ ಮಣ್ಣುಪಾಲಾಗಿತ್ತು. ಅಂಗಡಿಗೆ ಫೋನ್ ಮಾಡಿ ದೂರಿದರೆ, “ನೀರು ಹಾಕಬೇಡಿ, ಆಗ ಏನೂ ಹುಟ್ಟುವುದಿಲ್ಲ” ಎಂಬ ಉತ್ತರ ಬಂತು. ತೆಂಗಿನ ನಾಡಾದ ಕಾಸರಗೋಡಿನಲ್ಲಿ ಕುಳಿತು ನಾರಿನ ಪುಡಿಗೆ ದುಡ್ಡು ಕೊಟ್ಟು ಈ ಮಾತು ಕೇಳಬೇಕಾಯಿತಲ್ಲ ಎಂಬ ಸಿಟ್ಟು ಇನ್ನೂ ಇಳಿದಿಲ್ಲ. ಮೂರನೇ ಟ್ರೇಗೆ ಮುರಕಲ್ಲಿನ ಮಣ್ಣನ್ನು ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದೇ ತುಂಬಿಸಿದ್ದೆ. ಆದರೂ ಹಗುರವಾಗಲಿ ಎಂದು ಎರಡು ಬೊಗಸೆ ಪುಡಿ ಬೆರೆಸಿದ್ದೆ.

ಕೀಳದೆ ಕಾದೆ. ಕೆಲವು ದಿನಗಳಲ್ಲಿ ಮೊದಲ ಗರಿಯೆಲೆ ಬಿಚ್ಚಿತು. ಬೆಂಕಿಕಡ್ಡಿಯ ತುದಿಯಿಂದ ಮುಟ್ಟಿದೆ. ಎಲೆ ಮಡಚಿಕೊಂಡಿತು. ಸಂಶಯವೇ ಇಲ್ಲ, ನಾಚಿಕೆ ಮುಳ್ಳು. ನಾನೇ ಎಣಿಸಿ ಬಿತ್ತಿದ 200ರಲ್ಲಿ ಒಂದು.

ಮಾದರಿಯ ನಿಯಮ ಇಷ್ಟು. ಮಣ್ಣು ದೇಹ. ಬೀಜವೆಂದರೆ, ಹಳೆಯ ಸೋಂಕುಗಳನ್ನು ನೆನಪಿಟ್ಟುಕೊಳ್ಳುವ ರೋಗನಿರೋಧಕ ಕೋಶವಾದ ಸಿಡಿ4 ಸ್ಮೃತಿಕೋಶದ ಡಿಎನ್‌ಎಯೊಳಗೆ ತನ್ನ ಡಿಎನ್‌ಎ ಹೊಲಿದುಕೊಂಡು ಮಲಗಿದ ಎಚ್‌ಐವಿ. ದಿನವೂ ಮೊಳಕೆ ಕೀಳುವ ಕೈ ಎಂದರೆ ಎಚ್‌ಐವಿ ಹೆಚ್ಚದಂತೆ ತಡೆಯುವ ಎಆರ್‌ಟಿ ಮಾತ್ರೆ. ಮೊಳಕೆ ಬೆಳೆದು ಹೊಸ ಬೀಜ ಉದುರಿಸದಂತೆ ಅದು ತಡೆಯುತ್ತದೆ, ಮಣ್ಣಿನೊಳಗಿನ ಬೀಜವನ್ನು ಮುಟ್ಟುವುದಿಲ್ಲ. ಕಳೆದ ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದಂದು ನಮ್ಮ ಗ್ರಂಥಾಲಯದಲ್ಲಿ ಕಾಗದದ ಪಟಗಳನ್ನಷ್ಟೇ ತೂಗುಹಾಕಿದ್ದೆ. ಎಲ್ಲರೂ ಹೋದ ಮೇಲೆ ಒಬ್ಬರು ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು: “ರಕ್ತದಲ್ಲಿ ವೈರಸ್ ಕಾಣುವುದಿಲ್ಲ ಎಂದು ರಿಪೋರ್ಟ್ ಬಂದಿದೆ. ಮತ್ತೆ ಮಾತ್ರೆ ಏಕೆ?” ನನ್ನ ಪಟಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಈ ಮೂರೂ ಟ್ರೇಗಳು ಆ ಒಂದು ಪ್ರಶ್ನೆಗಾಗಿ.

ಬೀಜಕ್ಕೆ ಮಾತ್ರ ಬರ ಬರಲಿಲ್ಲ. ತೋಟದ ನಾಚಿಕೆ ಮುಳ್ಳು ಕೀಳಲು ಆಳು ಸಿಗದ ಕಾಲದಲ್ಲಿ ಅದರ ಬೀಜ ಬೇಕೆಂದವನಿಗೆ ನೆರೆಹೊರೆಯವರು ಚೀಲ ತುಂಬಿ ಕೊಟ್ಟರು. ಆ ಬೀಜದ ಸಿಪ್ಪೆ ಗಟ್ಟಿ, ನೀರು ಒಳಗಿಳಿಯುವುದಿಲ್ಲ. ಒಂದು ಈ ಮಳೆಗೆ ಎದ್ದರೆ ಇನ್ನೊಂದು ವರ್ಷಗಟ್ಟಲೆ ಬಿಟ್ಟು ಏಳುತ್ತದೆ. ನನಗೆ ಬೇಕಾದದ್ದು ಈ ಹಟವೇ.

ನನ್ನನ್ನು ಎರಡು ತಿಂಗಳು ಕಾಡಿದ್ದೂ ಇದೇ ಹಟ. ನಮ್ಮ ಹಿರಿಯರು ಗದ್ದೆಗೆ ಮೊದಲ ಮಳೆ ಬಿದ್ದೊಡನೆ ಬಿತ್ತುತ್ತಿರಲಿಲ್ಲ. ಕಳೆ ಏಳಲು ಬಿಟ್ಟು, ಎದ್ದ ಮೇಲೆ ಉತ್ತು ಮಗುಚಿ, ಆಮೇಲೆ ಬೀಜ ಹಾಕುತ್ತಿದ್ದರು. ಎಚ್‌ಐವಿ ಸಂಶೋಧಕರ ‘ಎಬ್ಬಿಸಿ ಕೊಲ್ಲು’ ಎಂಬ ಉಪಾಯವೂ ಇದೇ ಜಾಡಿನದು. ಮೂರನೇ ಟ್ರೇಗೆ ನಾನು ಮೊದಲು ಬರಿಯ ನೀರು ಹಾಕಿದೆ: ಮೂರು ವಾರಗಳಲ್ಲಿ 31 ಮೊಳಕೆ. ಸುಡುನೀರು ಸುರಿದೆ: ಇನ್ನೂ 58. ಆದರೆ ಆರೋಗ್ಯವಂತ ಕೋಶಗಳೆಂದು ಸಾಲಾಗಿ ನೆಟ್ಟಿದ್ದ ಹರಿವೆ ಸಸಿಗಳೆಲ್ಲ ಬೆಂದು ಮಲಗಿದವು. ಎಬ್ಬಿಸುವ ಔಷಧಿಯನ್ನು ಎಷ್ಟು ಜೋರಾಗಿ ಕೊಡಬಹುದು ಎಂಬ ಪ್ರಶ್ನೆ ನಿಂತಿರುವುದೂ ಇಲ್ಲೇ. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಚ್‌ಐವಿ ಇರುವವರಿಗೆ ಕ್ಯಾನ್ಸರ್ ಔಷಧಿ ವೊರಿನೊಸ್ಟಾಟ್ ಕೊಟ್ಟು ನೋಡಿದಾಗ ಮಲಗಿದ್ದ ವೈರಸ್ ಮಿಸುಕಿ, ಎಚ್ಚರವಾದುದರ ಗುರುತಾದ ಆರ್‌ಎನ್‌ಎ ಹೊರಡಿಸಿತು. ಹುದುಗಿದ ದಾಸ್ತಾನು ಮಾತ್ರ ಕರಗಲಿಲ್ಲ. ಎಬ್ಬಿಸಿದರೆ ಸಾಲದು, ಕೀಳುವ ಕೈಯೂ ಚುರುಕಾಗಿರಬೇಕು. ವರ್ಷಗಳ ಸೋಂಕಿನಿಂದ ದಣಿದ ರೋಗನಿರೋಧಕ ಕೋಶಗಳಿಗೆ ಆ ಚುರುಕು ಉಳಿದಿರುವುದಿಲ್ಲ.

41ನೇ ದಿನದ ಗಿಡವನ್ನು ಬೇರೆ ಕುಂಡಕ್ಕೆ ಎತ್ತಿಟ್ಟು, ಇಡೀ ಟ್ರೇಯ ಮಣ್ಣನ್ನು ಜರಡಿಗೆ ಹಾಕಿದೆ. ಉಳಿದಿರಬೇಕಾದದ್ದು 110 ಬೀಜ. ಸಿಕ್ಕಿದ್ದು 94. ಬೆರಳ ನಡುವೆ ಒತ್ತಿದಾಗ 37 ಮೆತ್ತಗಾಗಿ ಒಡೆದವು. 57 ಕಲ್ಲಿನಂತಿದ್ದವು. ಆ 57ರ ಸಿಪ್ಪೆಯನ್ನು ಉಗುರು ಕತ್ತರಿಯಿಂದ ಒಂದೊಂದಾಗಿ ಚಿವುಟಿ ಒದ್ದೆ ಬಟ್ಟೆಯಲ್ಲಿಟ್ಟೆ, 49 ಮೊಳೆತವು. ‘ಖಾಲಿ’ ಎಂದು ಗೆರೆ ಎಳೆದ ಟ್ರೇಯಲ್ಲಿ ಜೀವಂತ ಬೀಜ ಇಷ್ಟಿದ್ದವು! ಆ ಬಟ್ಟೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದೆ.

ದೇಹದೊಳಗಿನ ಎಣಿಕೆ ಇದಕ್ಕಿಂತ ಎಷ್ಟೋ ಕಷ್ಟದ್ದು. ಡಿಎನ್‌ಎ ಪರೀಕ್ಷೆ ಮೆತ್ತಗಿನ ಬೀಜವನ್ನೂ ಗಟ್ಟಿ ಬೀಜವನ್ನೂ ಸೇರಿಸಿ ಎಣಿಸಿಬಿಡುತ್ತದೆ. ಕೋಶಗಳಲ್ಲಿ ಹುದುಗಿದ ವೈರಸ್ ಪ್ರತಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ತುಂಡಾದವು, ಕೆಟ್ಟವು. ಪ್ರಯೋಗಾಲಯದಲ್ಲಿ ಕೋಶಗಳನ್ನು ಕೆರಳಿಸಿ ಎಬ್ಬಿಸಿ ಎಣಿಸಿದರೆ, ಆ ಸಲ ಏಳದ ಗಟ್ಟಿ ಬೀಜಗಳು ಲೆಕ್ಕದಿಂದ ತಪ್ಪಿಹೋಗುತ್ತವೆ. ನಿಜವಾಗಿ ಮೊಳೆಯಬಲ್ಲದ್ದು ವಿಶ್ರಾಂತಿಯಲ್ಲಿರುವ ಹತ್ತು ಲಕ್ಷ ಸಿಡಿ4 ಕೋಶಗಳಲ್ಲಿ ಸುಮಾರು ಒಂದು. ಸಾವಿರ ಕಾಳು ಕುಚ್ಚಲಕ್ಕಿ ಎಣಿಸಿ ತೂಗಿದೆ, 22 ಗ್ರಾಂ ಬಂತು. ಹತ್ತು ಲಕ್ಷ ಕಾಳೆಂದರೆ 22 ಕಿಲೋ. ಒಂದು ಮೂಟೆ ಅಕ್ಕಿಯಲ್ಲಿ ಒಂದೇ ಕಾಳು, ಅದೂ ಉಳಿದ ಕಾಳುಗಳಂತೆಯೇ ಕಾಣುವ ಕಾಳು. ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಈ ದಾಸ್ತಾನು ಅರ್ಧವಾಗಲು ಸರಾಸರಿ 44 ತಿಂಗಳು ಬೇಕು. ಪೂರ್ತಿ ಮುಗಿಯಲು ಎಪ್ಪತ್ತು ವರ್ಷಕ್ಕೂ ಹೆಚ್ಚೆಂದು ಲೆಕ್ಕ ಹಾಕಿದ್ದಾರೆ.

ಎಚ್‌ಐವಿ ಇದ್ದ ಬೋಸ್ಟನ್ನಿನ ಇಬ್ಬರ ವಿಷಯ ಓದಿದಾಗಲೆಲ್ಲ ಎದೆ ಭಾರವಾಗುತ್ತದೆ. ಕ್ಯಾನ್ಸರಿಗಾಗಿ ಅಸ್ಥಿಮಜ್ಜೆ ಕಸಿಯಾದ ಮೇಲೆ ಯಾವ ಪರೀಕ್ಷೆಗೂ ಅವರಲ್ಲಿ ವೈರಸ್ ಸಿಗಲಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಒಬ್ಬರಲ್ಲಿ 12 ವಾರಕ್ಕೆ, ಇನ್ನೊಬ್ಬರಲ್ಲಿ 32 ವಾರಕ್ಕೆ ಅದು ಮರಳಿತು. ಅಮೆರಿಕದ ಮಿಸಿಸಿಪ್ಪಿಯಲ್ಲಿ ಎಚ್‌ಐವಿಯೊಂದಿಗೆ ಹುಟ್ಟಿದ ಮಗು ಔಷಧಿಯಿಲ್ಲದೆ ಎರಡು ವರ್ಷಕ್ಕೂ ಹೆಚ್ಚು ಕಾಲ ಚೆನ್ನಾಗಿತ್ತು. 2014ರಲ್ಲಿ ಅಲ್ಲೂ ಮೊಳಕೆ ಎದ್ದಿತು. ಎಚ್‌ಐವಿಯಿಂದ ಮೊದಲು ಗುಣವಾದ ತಿಮೋಥಿ ಬ್ರೌನ್ ಗೆದ್ದರು. 2007ರಲ್ಲಿ ಬರ್ಲಿನ್‌ನಲ್ಲಿ ಅವರಿಗೆ, ವೈರಸ್ ಒಳಹೋಗುವ ಸಿಸಿಆರ್5 ಎಂಬ ಬಾಗಿಲೇ ಇಲ್ಲದ ಕೋಶಗಳ ದಾನಿಯ ಮಜ್ಜೆ ಕಸಿ ಮಾಡಿದರು. ಮಣ್ಣನ್ನೇ ತೆಗೆದು, ಈ ಬೀಜ ಬೇರೂರಲಾಗದ ಮಣ್ಣು ತುಂಬಿದಂತೆ. ರಕ್ತದ ಕ್ಯಾನ್ಸರ್ ಇದ್ದುದರಿಂದ ಮಾತ್ರ ಆ ಅಪಾಯಕ್ಕೆ ಕೈಹಾಕಿದ್ದು. ಮಾತ್ರೆಯಿಂದ ನೆಮ್ಮದಿಯಾಗಿ ಬದುಕುತ್ತಿರುವವರಿಗೆ ಅದನ್ನು ಮಾಡುವಂತಿಲ್ಲ.

ನನ್ನ ಮಾದರಿಯಲ್ಲಿ ಒಂದು ದೊಡ್ಡ ಕೊರತೆ ಉಳಿದಿದೆ. ಮಣ್ಣಿನಡಿಯ ಬೀಜ ತಾನಾಗಿ ಎರಡಾಗುವುದಿಲ್ಲ, ಸೋಂಕು ಹೊತ್ತ ಸ್ಮೃತಿಕೋಶ ಎರಡಾಗುತ್ತದೆ. ವೈರಸ್ ಏಳದೆಯೇ ಕೋಶ ಒಡೆದು ಎರಡು, ನಾಲ್ಕು, ಎಂಟಾಗುತ್ತದೆ. ಒಳಗಿನ ಪ್ರತಿಯೂ ಜೊತೆಗೇ ಹೆಚ್ಚುತ್ತದೆ. ಇದಕ್ಕೆ ಕೊನ್ನಾರಿ ಗಡ್ಡೆಯೇ ಸರಿ ಎಂದು ರಾತ್ರಿ ಎರಡು ಗಂಟೆಗೆ ಹೊಳೆಯಿತು. ಮೇಲೆ ಹುಲ್ಲು ಕೀಳುತ್ತಾ ಹೋದಂತೆ ಕೆಳಗೆ ಗಡ್ಡೆಗೆ ಗಡ್ಡೆ ಪೋಣಿಸಿಕೊಳ್ಳುತ್ತದೆ. ಹಳೆಯ ಮೀನಿನ ತೊಟ್ಟಿಯ ಗಾಜಿಗೆ ಒತ್ತಿ ನೆಟ್ಟರೆ ಆ ಸರಮಾಲೆ ಹೊರಗಿನಿಂದಲೇ ಕಾಣಬೇಕು. ತೊಟ್ಟಿಯ ಸೋರಿಕೆಗೆ ಅಂಟು ಹಚ್ಚಿದ್ದೇನೆ, ಒಣಗುತ್ತಿದೆ. ಪಕ್ಕದಲ್ಲೇ ಅಡಿಕೆ ಸೋಗೆ ದಪ್ಪವಾಗಿ ಹೊದಿಸಿದ ನಾಲ್ಕನೇ ಟ್ರೇ ಇರುತ್ತದೆ: ಎಬ್ಬಿಸುವ ಬದಲು, ಏಳದಂತೆಯೇ ಬೀಗ ಹಾಕಿಡುವ ಇನ್ನೊಂದು ದಾರಿಗೆ.

41ನೇ ದಿನದ ಗಿಡ ಈಗ ಗೇಣುದ್ದ ಆಗಿದೆ. ಡಿಸೆಂಬರ್ 1ಕ್ಕೆ ಅದು ಮೇಜಿನ ಮೇಲೆ, ಒದ್ದೆ ಬಟ್ಟೆಯ 49 ಮೊಳಕೆಗಳ ಚಿತ್ರದ ಪಕ್ಕದಲ್ಲಿ ಇರುತ್ತದೆ. ಆ ದಿನ ಕೇಳಿದವರು ಮತ್ತೆ ಬಂದರೆ ಎಲೆ ಮುಟ್ಟಿ ನೋಡಲಿ.